ಹಳೆಯ ವ್ಯಾಲಿಯಂಟ್ ಕಾರಿಗೆ ಹತ್ತು ಹೊಸ ವೀಲ್ ಸ್ಟಡ್: ಸಾಮಾನು ಉತ್ತಮ, ಜೊತೆಗೆ ಬಂದ ಚೀಟಿ ಅಪಾಯಕಾರಿ

ನನ್ನ ಬಳಿ ಇರುವುದು 1965ರ ಪ್ಲಿಮತ್ ವ್ಯಾಲಿಯಂಟ್. ಓರೆಯಾಗಿ ಕೂರಿಸಿದ ಆರು ಸಿಲಿಂಡರ್‌ಗಳ ಎಂಜಿನ್, ನಾಲ್ಕೂ ಚಕ್ರಗಳಿಗೆ 9 ಇಂಚಿನ ಡ್ರಮ್ ಬ್ರೇಕ್, ಪ್ರತಿ ಚಕ್ರಕ್ಕೆ 4 ಇಂಚಿನ ವೃತ್ತದಲ್ಲಿ ಐದು ಸ್ಟಡ್, ಅಂದರೆ ಚಕ್ರದ ನಟ್ಟು ಬಿಗಿಯುವ ಥ್ರೆಡ್ಡಿನ ಸರಳುಗಳು. ಚಕ್ರವನ್ನು ಹೊತ್ತು ಬೇರಿಂಗಿನ ಮೇಲೆ ತಿರುಗುವ ಮಧ್ಯಭಾಗವೇ ಹಬ್. ಈ ಕಾರಿನ ಮುಂದಿನ ಎರಡು ಹಬ್‌ಗಳಿಗೆ ಇತ್ತೀಚೆಗೆ ಹೊಸ ಸ್ಟಡ್‌ಗಳನ್ನು ಹಾಕಿಸಿದೆ. ಅಂಚೆಯಲ್ಲಿ ತರಿಸಿಕೊಂಡ ಹತ್ತು ಸ್ಟಡ್‌ಗಳ ಸೆಟ್ಟನ್ನೂ ಅದನ್ನು ಕೂರಿಸಿಕೊಟ್ಟ ಲೇತ್ ಕಾರ್ಯಾಗಾರದ ಕೆಲಸವನ್ನೂ ಇಲ್ಲಿ ಒಟ್ಟಿಗೇ ವಿಮರ್ಶಿಸುತ್ತಿದ್ದೇನೆ. ಎರಡನ್ನೂ ಬೇರೆಬೇರೆಯಾಗಿ ನೋಡಲು ಸಾಧ್ಯವಿಲ್ಲ ಎಂಬುದು ಮುಂದೆ ಓದಿದಾಗ ತಿಳಿಯುತ್ತದೆ.

ಇದೆಲ್ಲ ಶುರುವಾದದ್ದು ಒಂದು ಪಂಕ್ಚರ್‌ನಿಂದ. ಕ್ರೈಸ್ಲರ್ ಸಂಸ್ಥೆಯ ಕಾರುಗಳಲ್ಲಿ 1970ರ ದಶಕದ ಆರಂಭದವರೆಗೂ ಎಡಬದಿಯ ಚಕ್ರಗಳಿಗೆ ಲೆಫ್ಟ್ ಥ್ರೆಡ್ ಇರುತ್ತಿತ್ತು. ಅಂದರೆ ಆ ಬದಿಯ ನಟ್ಟನ್ನು ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಎಡಬದಿಯ ಚಕ್ರ ಮುಂದಕ್ಕೆ ಉರುಳುವಾಗ ಮಾಮೂಲಿ ಥ್ರೆಡ್ಡಿನ ನಟ್ಟು ತಾನಾಗಿ ಸಡಿಲವಾದೀತು ಎಂಬ ಎಚ್ಚರಿಕೆಯಿಂದ ಮಾಡಿದ್ದ ಏರ್ಪಾಡು ಅದು. ನಟ್ಟಿನ ತಳವನ್ನು ಶಂಕುವಿನ ಆಕಾರಕ್ಕೆ ತಂದು ರಿಮ್ಮಿನ ಗುಳಿಯಲ್ಲಿ ಕೂರಿಸುವ ಪದ್ಧತಿಯಲ್ಲಿ ಆ ಭಯಕ್ಕೆ ಹೆಚ್ಚು ಆಧಾರವಿಲ್ಲ. ಬೇರೆ ಬಹುತೇಕ ತಯಾರಕರು ಎರಡೂ ಬದಿಗೆ ಮಾಮೂಲಿ ಥ್ರೆಡ್ಡನ್ನೇ ಇಟ್ಟುಕೊಂಡು ಕಾರು ಓಡಿಸಿದರು. ಆದರೆ ನನ್ನ ಕಾರಿನಲ್ಲಿ ಲೆಫ್ಟ್ ಥ್ರೆಡ್ ಇದೆ, ಸ್ಟಡ್ಡಿನ ತುದಿಯಲ್ಲಿ ‘ಎಲ್’ ಎಂಬ ಸಣ್ಣ ಅಚ್ಚೂ ಇದೆ. ಟೈರ್ ಬಿಚ್ಚಲು ಬಂದ ಹುಡುಗನಿಗೆ ಅದು ಕಾಣಲಿಲ್ಲ. ನಾನು ಹೇಳಬೇಕಿತ್ತು, ಹೇಳುವಷ್ಟರಲ್ಲಿ ತಡವಾಗಿತ್ತು. ಏರ್ ಗನ್ನಿಗೆ ನಟ್ಟು ಅಲುಗದಿದ್ದಾಗ ತುಕ್ಕು ಹಿಡಿದಿದೆ ಎಂದುಕೊಂಡು ಸ್ಪ್ಯಾನರ್‌ಗೆ ಉದ್ದನೆಯ ಪೈಪ್ ಸಿಕ್ಕಿಸಿ ಮೈಭಾರ ಹಾಕಿದ. ಟಕ್ ಎಂದು ಒಂದು ಸ್ಟಡ್ ಮುರಿಯಿತು. ತುಕ್ಕು ಎಂಬ ನಂಬಿಕೆ ಅವನಿಗೆ ಇನ್ನೂ ಗಟ್ಟಿಯಾಯಿತು. ಎರಡನೆಯದೂ ಮುರಿಯಿತು.

ಮುರಿದದ್ದು ಎರಡೇ ಆದರೂ ಆ ಹಬ್ಬಿನ ಐದನ್ನೂ ಬದಲಿಸಬೇಕು ಎಂದು ಅಂದೇ ತೀರ್ಮಾನಿಸಿದೆ. ಚಕ್ರವನ್ನು ಹಬ್ಬಿಗೆ ಹಿಡಿದಿಡುವುದು ಸ್ಟಡ್ಡಿನ ಅಡ್ಡ ಬಲವಲ್ಲ, ನಟ್ಟು ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗಿ ಚಕ್ರವನ್ನು ಡ್ರಮ್ಮಿಗೆ ಒತ್ತಿ ಹಿಡಿಯುವ ಬಲ ಮತ್ತು ಅದರಿಂದ ಹುಟ್ಟುವ ಘರ್ಷಣೆ. ಆ ಲೆಕ್ಕದಲ್ಲಿ ಸ್ಟಡ್ ಎಂದರೆ ಬಹಳ ಬಿರುಸಾದ ಒಂದು ಸ್ಪ್ರಿಂಗ್. ಒಮ್ಮೆ ಮಿತಿ ಮೀರಿ ಹಿಗ್ಗಿದ ಸ್ಪ್ರಿಂಗ್ ಮತ್ತೆ ಮೊದಲಿನ ಹಿಡಿತ ಕೊಡುವುದಿಲ್ಲ. ಆ ಹುಡುಗ ಪೈಪ್ ಹಾಕಿ ಮುರಿದದ್ದು ಎರಡು. ಅದೇ ಬಲಕ್ಕೆ ಸಿಕ್ಕಿ ಮುರಿಯದೆ ಉಳಿದ ಮೂರು ಎಷ್ಟು ಹಿಗ್ಗಿವೆ ಎಂದು ಕಣ್ಣಿನಿಂದ ಹೇಳಲಾಗದು. ಬಲಬದಿಯ ಹಬ್ಬನ್ನೂ ಜೊತೆಗೇ ಮಾಡಿಸಿದ್ದಕ್ಕೆ ಅಂಥ ಶಾಸ್ತ್ರೀಯ ಕಾರಣ ಇರಲಿಲ್ಲ, ಸೆಟ್ಟಿನಲ್ಲಿ ಐದು ಎಡ ಮತ್ತು ಐದು ಬಲ ಇದ್ದವು, ಅಷ್ಟೇ.

ಈಗ ಸಾಮಾನಿನ ವಿಷಯ. ಪೆಟ್ಟಿಗೆಯೊಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಎರಡು ಪ್ಲಾಸ್ಟಿಕ್ ಚೀಲಗಳು, ಒಂದರಲ್ಲಿ ಲೆಫ್ಟ್ ಥ್ರೆಡ್ಡಿನವು, ಇನ್ನೊಂದರಲ್ಲಿ ಮಾಮೂಲಿ. ಅಳತೆ 7/16 ಇಂಚು, ಇಂಚಿಗೆ 20 ಥ್ರೆಡ್. ಮೂಲ ಸ್ಟಡ್ಡಿನ ಅಳತೆಯೇ. ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂಚಿನ ಅಳತೆಯ ಹಳೆಯ ಕಾರುಗಳಿಗೆ ಮೆಟ್ರಿಕ್ ಸ್ಟಡ್ ಹಾಕಿ ಕೈತೊಳೆದುಕೊಳ್ಳುವವರು ಅನೇಕರಿದ್ದಾರೆ, ಅದರಲ್ಲಿ ಅಡಗಿರುವ ಅಪಾಯವೆಂದರೆ ಕೆಲವು ಅಳತೆಗಳು ಕೈಗೆ ಒಂದೇ ಎಂಬಂತೆ ಅನ್ನಿಸುತ್ತವೆ. ಅರ್ಧ ಇಂಚಿನ, ಇಂಚಿಗೆ 20 ಥ್ರೆಡ್ಡಿನ ನಟ್ಟನ್ನು 12 ಮಿ.ಮೀ. ವ್ಯಾಸದ, 1.25 ಪಿಚ್ಚಿನ ಸ್ಟಡ್ಡಿಗೆ ಹಾಕಿ ನೋಡಿ: ಪಿಚ್ಚು ಎಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ದೂರ. ಇಂಚಿನ ಪಿಚ್ಚು 1.27 ಮಿ.ಮೀ., ಮೆಟ್ರಿಕ್ಕಿನದು 1.25, ಹಾಗಾಗಿ ನಟ್ಟು ಬೆಣ್ಣೆಯಂತೆ ಒಳಹೋಗುತ್ತದೆ. ಆದರೆ ವ್ಯಾಸದಲ್ಲಿ 0.7 ಮಿ.ಮೀ. ಕೊರತೆ ಇರುವುದರಿಂದ ಥ್ರೆಡ್ಡುಗಳು ತುದಿತುದಿಯಲ್ಲಷ್ಟೇ ಹಿಡಿದುಕೊಂಡಿರುತ್ತವೆ, ಬಿಗಿಯುವಾಗಲೋ ರಸ್ತೆಯ ಮೇಲೋ ಕಿತ್ತುಬರುತ್ತವೆ. ಈ ಸೆಟ್ಟಿನ ತಯಾರಕರು ಮೂಲ ಅಳತೆಯನ್ನೂ ಎಡ-ಬಲದ ಭೇದವನ್ನೂ ಉಳಿಸಿಕೊಂಡಿರುವುದು ನನಗೆ ಎಲ್ಲಕ್ಕಿಂತ ಮೊದಲು ಮೆಚ್ಚುಗೆಯಾದ ಸಂಗತಿ.

ಥ್ರೆಡ್ಡನ್ನು ಭೂತಗನ್ನಡಿಯಲ್ಲಿ ನೋಡಿದೆ. ಲೇತಿನಲ್ಲಿ ಕತ್ತರಿಸಿ ತೆಗೆದ ಥ್ರೆಡ್ಡಿನ ಶಿಖರ ಚೂಪಾಗಿ, ಪಕ್ಕಗಳಲ್ಲಿ ಉಳಿಯ ಗೀರುಗಳಿರುತ್ತವೆ. ಎರಡು ಅಚ್ಚುಗಳ ನಡುವೆ ಉರುಳಿಸಿ ಒತ್ತಿ ಮೂಡಿಸಿದ ಥ್ರೆಡ್ಡಿನ ಪಕ್ಕಗಳು ನಯವಾಗಿ ಹೊಳೆಯುತ್ತವೆ, ಎಷ್ಟೋ ಸಲ ಶಿಖರದ ನೆತ್ತಿಯಲ್ಲಿ ಕೂದಲೆಳೆಯಂಥ ಸಣ್ಣ ಕಾಲುವೆ ಕಾಣುತ್ತದೆ. ಇವುಗಳಲ್ಲಿ ಆ ಕಾಲುವೆ ಇತ್ತು. ಉರುಳಿಸಿದ ಥ್ರೆಡ್ಡಿನಲ್ಲಿ ಉಕ್ಕಿನ ಎಳೆಗಳು ಕಡಿದುಹೋಗದೆ ಥ್ರೆಡ್ಡಿನ ಆಕಾರಕ್ಕೇ ಬಾಗುವುದರಿಂದ, ಮತ್ತೆಮತ್ತೆ ಬೀಳುವ ಭಾರಕ್ಕೆ ಅದು ಹೆಚ್ಚು ಬಾಳಿಕೆ ಬರುತ್ತದೆ. ಚೀಟಿಯ ಪ್ರಕಾರ ದರ್ಜೆ 10.9. ಮೊದಲ ಅಂಕಿ ಉಕ್ಕು ಕಡಿಯುವ ಮಿತಿ ಸುಮಾರು 1000 ಮೆಗಾಪಾಸ್ಕಲ್ ಎಂಬುದನ್ನೂ, ಎರಡನೆಯದು ಅದರ ಶೇ. 90ರವರೆಗೆ ಉಕ್ಕು ಶಾಶ್ವತವಾಗಿ ಹಿಗ್ಗದೆ ತಡೆಯುತ್ತದೆ ಎಂಬುದನ್ನೂ ಸೂಚಿಸುತ್ತದೆ. ಮೇಲ್ಮೈಗೆ ಮಂಕಾದ ಕಪ್ಪು ಫಾಸ್ಫೇಟ್ ಲೇಪ. ಹೊಳೆಯುವ ಸತುವಿನ ಲೇಪ ನೋಡಲು ಚೆಂದ, ಆದರೆ ಇಷ್ಟು ಗಡಸು ಉಕ್ಕಿಗೆ ವಿದ್ಯುತ್ತಿನಿಂದ ಸತುವನ್ನು ಹಚ್ಚುವಾಗ ಜಲಜನಕ ಒಳಸೇರಿಕೊಳ್ಳಬಹುದು, ಲೇಪವಾದ ಕೂಡಲೇ ಒಲೆಯಲ್ಲಿಟ್ಟು ಅದನ್ನು ಹೊರಹಾಕದಿದ್ದರೆ ಸ್ಟಡ್ ಯಾವ ಮುನ್ಸೂಚನೆಯೂ ಇಲ್ಲದೆ ಸೀಳಬಹುದು. ಆ ಕೆಲಸವನ್ನು ಸರಿಯಾಗಿ ಮಾಡಿದ್ದಾರೋ ಇಲ್ಲವೋ ಎಂದು ಕೊಳ್ಳುವವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಹಾಗಾಗಿ ಈ ಮಂಕು ಕಪ್ಪೇ ನನಗೆ ಸಮಾಧಾನ.

ಸ್ಟಡ್ಡಿನ ತಲೆಯ ಕೆಳಗೆ ನರ್ಲಿಂಗ್ ಮಾಡಿದ ಒಂದು ಪಟ್ಟಿ ಇರುತ್ತದೆ, ಸಣ್ಣ ಸಣ್ಣ ಉದ್ದ ಹಲ್ಲುಗಳ ಪಟ್ಟಿ. ಸ್ಟಡ್ ಹಬ್ಬಿನಲ್ಲಿ ತಿರುಗದೆ ನಿಲ್ಲುವುದು ಅದರಿಂದಲೇ. ಹತ್ತೂ ಸ್ಟಡ್‌ಗಳ ಪಟ್ಟಿಯನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದೆ. ಒಂದಕ್ಕೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ 0.02 ಮಿ.ಮೀ. ಮೀರಲಿಲ್ಲ. ಇಂಥ ಒಂದು ಸೆಟ್ಟಿನಲ್ಲಿ ಇದಕ್ಕಿಂತ ಹೆಚ್ಚಿನದನ್ನು ಕೇಳಲಾಗದು.

ದೂರುಗಳು ಎರಡು. ಮೊದಲನೆಯದು, ಲೆಫ್ಟ್ ಥ್ರೆಡ್ಡಿನ ಐದರ ತುದಿಯಲ್ಲೂ ‘ಎಲ್’ ಅಚ್ಚು ಇಲ್ಲ. ನನ್ನ ಎರಡು ಸ್ಟಡ್‌ಗಳು ಮುರಿದದ್ದೇ ಆ ಅಚ್ಚು ಒಬ್ಬನ ಕಣ್ಣಿಗೆ ಬೀಳದ್ದರಿಂದ. ಇಲ್ಲಿ ಬೀಳಬೇಕಾದ ಅಚ್ಚೇ ಇಲ್ಲ. ಚೀಲ ಬಿಚ್ಚಿ ಎರಡನ್ನೂ ಒಂದೇ ತಟ್ಟೆಗೆ ಸುರಿದವನು ನಟ್ಟು ಹಾಕಿ ನೋಡಿಯೇ ಬೇರ್ಪಡಿಸಬೇಕು. ಮುಂದೆ ಯಾವುದೋ ಊರಿನ ಯಾವುದೋ ಮೆಕ್ಯಾನಿಕ್ ಈ ಚಕ್ರವನ್ನು ಬಿಚ್ಚುವಾಗ ಅವನಿಗೆ ಆ ಸುಳಿವೂ ಸಿಗದು. ಮೂಲ ಸಾಮಾನಿನ ಪ್ರತಿರೂಪ ಎಂದು ಹೇಳಿ ಮಾರುವವರು ಇಂಥದ್ದನ್ನು ಬಿಟ್ಟುಬಿಡುವುದು ಸರಿಯಲ್ಲ.

ಎರಡನೆಯ ದೂರು ಇದಕ್ಕಿಂತ ಗಂಭೀರವಾದದ್ದು, ಅದು ಪೆಟ್ಟಿಗೆಯೊಳಗಿದ್ದ ಒಂದು ಪುಟದ ಚೀಟಿಯ ಮೇಲೆ. ಹಳೆಯ ಸ್ಟಡ್ಡನ್ನು ಸುತ್ತಿಗೆಯಿಂದ ಹಿಂದಕ್ಕೆ ಹೊಡೆದು ತೆಗೆಯಿರಿ, ಹೊಸದನ್ನು ರಂಧ್ರದಲ್ಲಿಟ್ಟು ವಾಷರ್ ಹಾಕಿ ನಟ್ಟು ಬಿಗಿಯುತ್ತ ಒಳಗೆಳೆಯಿರಿ ಎಂದು ಅದರಲ್ಲಿದೆ. ಇಂದಿನ ಎಷ್ಟೋ ಕಾರುಗಳಿಗೆ, ಡ್ರಮ್ ಅಥವಾ ಡಿಸ್ಕ್ ಹಬ್ಬಿನಿಂದ ಬೇರೆಯಾಗಿ ಕೈಗೆ ಬರುವಂಥವಕ್ಕೆ, ಆ ಮಾತು ಒಪ್ಪುತ್ತದೆ. ನನ್ನ ಕಾರಿನ ಕಾಲದ ಅಮೆರಿಕನ್ ಕಾರುಗಳ ಮುಂದಿನ ಹಬ್ಬಿಗೆ ಒಪ್ಪುವುದಿಲ್ಲ. ಅಲ್ಲಿ ಹಬ್ಬನ್ನೂ ಡ್ರಮ್ಮನ್ನೂ ಒಂದಕ್ಕೊಂದು ಸೇರಿಸಿ ಹಿಡಿದಿರುವುದು ಸ್ಟಡ್‌ಗಳೇ. ಹಿಂದಿನಿಂದ ಹಬ್ಬನ್ನೂ ಡ್ರಮ್ಮನ್ನೂ ದಾಟಿ ಬಂದ ಸ್ಟಡ್ಡಿನ ಭುಜವನ್ನು ಕಾರ್ಖಾನೆಯಲ್ಲಿ ಡ್ರಮ್ಮಿನ ಮುಖದ ಮೇಲೆ ರಿವೆಟ್ಟಿನಂತೆ ಅರಳಿಸಿ ಒತ್ತಿರುತ್ತಾರೆ. ಇದಕ್ಕೆ ಸ್ವೇಜ್ ಎನ್ನುತ್ತಾರೆ. ಅರಳಿದ ಆ ಭಾಗ ರಂಧ್ರಕ್ಕಿಂತ ದಪ್ಪ. ಅದನ್ನು ಕತ್ತರಿಸದೆ ಸ್ಟಡ್ಡನ್ನು ಹಿಂದಕ್ಕೆ ದೂಡಿದರೆ ಅದು ಹೋಗುವಾಗ ರಂಧ್ರವನ್ನೇ ಅಗಲಿಸಿಕೊಂಡು ಹೋಗುತ್ತದೆ, ಇಲ್ಲವೇ ಹಬ್ಬಿನ ಅಂಚೂ ಡ್ರಮ್ಮೂ ಬಾಗುತ್ತವೆ. ಅಗಲವಾದ ರಂಧ್ರದಲ್ಲಿ ಹೊಸ ಸ್ಟಡ್ಡಿನ ನರ್ಲಿಂಗ್ ಕಚ್ಚುವುದಿಲ್ಲ, ಒಂದು ದಿನ ನಟ್ಟು ಬಿಚ್ಚಲು ಹೋದಾಗ ಸ್ಟಡ್ಡೂ ಜೊತೆಗೇ ಗಿರಗಿರ ತಿರುಗುತ್ತದೆ.

ಇದನ್ನೆಲ್ಲ ಈಗ ಇಷ್ಟು ವಿವರವಾಗಿ ಬರೆಯುತ್ತಿರುವ ನಾನು ಅಂದು ಚೀಟಿಯನ್ನು ನಂಬಿ ಸುತ್ತಿಗೆ ಎತ್ತಿಕೊಂಡೆ. ಮುರಿದ ಸ್ಟಡ್ಡಿನ ಮೊಂಡು ತುದಿಗೆ ಹಿತ್ತಾಳೆಯ ಸರಳು ಇಟ್ಟು ಮೂರು ಏಟು ಹಾಕಿದೆ. ಅದು ಅಲುಗಲಿಲ್ಲ, ಕೈ ಮಾತ್ರ ಜುಮ್ಮೆಂದಿತು. ಏನೋ ಸರಿಯಿಲ್ಲ ಎನ್ನಿಸಿ ಬೇರಿಂಗ್ ಬಿಚ್ಚಿ, ಹಬ್ ಮತ್ತು ಡ್ರಮ್ ಎರಡನ್ನೂ ಒಂದೇ ಗಂಟಾಗಿ ಲೇತ್ ಕಾರ್ಯಾಗಾರಕ್ಕೆ ಒಯ್ದೆ.

ಅಲ್ಲಿನ ಹಿರಿಯ ಟರ್ನರ್ ಡ್ರಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಸ್ಟಡ್ಡಿನ ಬುಡವನ್ನು ಉಗುರಿನಿಂದ ಸವರಿದರು.

“ಇದಕ್ಕೆ ಸುತ್ತಿಗೆ ಬಿದ್ದಿದೆಯಲ್ಲ?”

“ಮೂರೇ ಏಟು.”

“ನಾಲ್ಕನೆಯದು ಹಾಕದೆ ಬಂದಿರಲ್ಲ, ಒಳ್ಳೆಯದಾಯಿತು.”

ಇದಾದ ಮೇಲೆ ಅವರು ಮಾಡಿದ ಮೊದಲ ಕೆಲಸ, ಹಬ್ಬಿಗೂ ಡ್ರಮ್ಮಿಗೂ ಸೇರಿಸಿ ಒಂದು ಗೆರೆ ಗೀಚಿದ್ದು. ಬೇರ್ಪಡಿಸಿದ ಮೇಲೆ ಎರಡೂ ಹಿಂದಿದ್ದ ಕೋನದಲ್ಲೇ ಮತ್ತೆ ಕೂರಬೇಕು, ಏಕೆಂದರೆ ಡ್ರಮ್ಮಿನ ಒಳಮೈ ಈ ಹಬ್ಬಿನ ಜೊತೆ ಸೇರಿಯೇ ದುಂಡಗಾಗಿದೆ, ಐದರಲ್ಲಿ ಒಂದು ರಂಧ್ರ ಆಚೀಚೆಯಾದರೂ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಬಡಿಯಬಹುದು. ಗೆರೆ ಎಳೆದ ಬಳಿಕ, ಮುರಿಯದ ಸ್ಟಡ್‌ಗಳಿಗೆ ಕೊಳವೆಯಾಕಾರದ ಕಟರ್ ಹಾಕಿದರು. ಒಳಗೆ ಟೊಳ್ಳಾಗಿರುವ ಈ ಕಟರ್ ಸ್ಟಡ್ಡಿನ ಮೇಲೆ ಉಂಗುರದಂತೆ ಇಳಿಯುತ್ತದೆ. ಸ್ಟಡ್ಡೇ ಅದಕ್ಕೆ ದಾರಿ ತೋರಿಸುವುದರಿಂದ ಅದು ಆಚೀಚೆ ಜಾರದೆ ಅರಳಿದ ಭುಜವನ್ನಷ್ಟೇ ಕೊರೆಯುತ್ತದೆ. ಡ್ರಿಲ್ಲಿಂಗ್ ಮೆಷಿನ್ನನ್ನು ಅತಿ ನಿಧಾನದ ವೇಗಕ್ಕಿಟ್ಟು, ಎಣ್ಣೆ ಬಿಡುತ್ತ, ಒಂದೊಂದಕ್ಕೂ ಕೆಲವು ನಿಮಿಷ ತೆಗೆದುಕೊಂಡರು. ಕೊನೆಗೆ ಕಿರುಬೆರಳಿಗೂ ಸಾಲದಂಥ ತೆಳುವಾದ ಉಕ್ಕಿನ ಉಂಗುರವೊಂದು ಕಳಚಿ ಕಟರಿನೊಳಗೆ ಉಳಿಯಿತು. ಅದನ್ನು ನನ್ನ ಅಂಗೈ ಮೇಲಿಟ್ಟು, ನನ್ನ ಸುತ್ತಿಗೆಗೆ ತಡೆಯಾಗಿದ್ದದ್ದು ಇದೇ ಎಂದು ತೋರಿಸಿದರು.

ಮುರಿದ ಎರಡಕ್ಕೆ ಆ ಉಪಾಯ ನಡೆಯಲಿಲ್ಲ, ಏಕೆಂದರೆ ಕಟರಿಗೆ ದಾರಿ ತೋರಿಸುವ ಸ್ಟಡ್ಡೇ ಅಲ್ಲಿರಲಿಲ್ಲ. ಹಬ್ಬನ್ನು ಮಿಲ್ಲಿಂಗ್ ಮೆಷಿನ್ನಿನ ಮೇಜಿಗೆ ಬಿಗಿದು, ಉಳಿದ ಮೂರು ರಂಧ್ರಗಳಿಂದ ವೃತ್ತದ ಕೇಂದ್ರ ಹಿಡಿದು, ಮುರಿದವುಗಳ ನೆಲೆಯನ್ನು ಲೆಕ್ಕ ಹಾಕಿ, ಎಂಡ್ ಮಿಲ್ಲಿನಿಂದ ಭುಜವನ್ನು ಸವರಿ ತೆಗೆದರು. ಸ್ಟಡ್ ಬದಲಿಸುವುದು ಅರ್ಧ ಗಂಟೆಯ ಕೆಲಸ ಎನ್ನುವವರು ಈ ಭಾಗವನ್ನು ನೋಡಬೇಕಿತ್ತು. ನನ್ನ ಎರಡು ಹಬ್‌ಗಳಿಗೆ ಒಂದೂವರೆ ದಿನ ಹಿಡಿಯಿತು, ಅದರ ಬಹುಪಾಲು ಈ ಎರಡು ಮೊಂಡುಗಳದೇ.

ಸ್ವೇಜ್ ಹೋದ ಮೇಲೆ ಸ್ಟಡ್‌ಗಳನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಹಿಂದಕ್ಕೆ ಒತ್ತಿ ತೆಗೆದರು. ಇಲ್ಲಿ ಒಂದು ಸೂಕ್ಷ್ಮವಿದೆ: ಹಬ್ಬಿನ ಅಂಚು ಪ್ರೆಸ್ಸಿನ ಮೇಜಿನ ಮೇಲೆ ಎಲ್ಲೋ ದೂರದಲ್ಲಿ ಆತುಕೊಂಡಿದ್ದರೆ ಒತ್ತಿದಾಗ ಅದು ಬಾಗುತ್ತದೆ. ಅವರು ಸ್ಟಡ್ಡಿನ ತಲೆಯ ಸುತ್ತ ಸರಿಯಾಗಿ ಕೂರುವ ಒಂದು ದಪ್ಪ ಪೈಪಿನ ತುಂಡನ್ನು ಅಡಿಯಲ್ಲಿಟ್ಟು, ಪ್ರತಿ ಸ್ಟಡ್ಡಿಗೂ ಹಬ್ಬನ್ನು ತಿರುಗಿಸಿ ಅದೇ ತುಂಡಿನ ಮೇಲೆ ಇಟ್ಟುಕೊಂಡರು. ಪ್ರತಿಯೊಂದೂ ‘ಟಪ್’ ಎಂದು ಸದ್ದು ಮಾಡಿ ಬಿಟ್ಟುಕೊಟ್ಟಿತು. ರಂಧ್ರಗಳನ್ನು ಅಳೆದಾಗ ಹೊಸ ಸ್ಟಡ್ಡಿನ ನರ್ಲಿಂಗ್ ರಂಧ್ರಕ್ಕಿಂತ 0.15 ಮಿ.ಮೀ.ನಷ್ಟು ದಪ್ಪವಿತ್ತು, ಬಿಗಿಯಾಗಿ ಕೂರಲು ಅಷ್ಟು ಸಾಕು, ಹಬ್ಬನ್ನು ಸೀಳುವಷ್ಟು ಹೆಚ್ಚೂ ಅಲ್ಲ.

ನಟ್ಟು ಬಿಗಿದು ಒಳಗೆಳೆಯುವ ವಿಧಾನವನ್ನು ಚೀಟಿ ಹೇಳಿದೆಯಲ್ಲ ಎಂದು ಕೇಳಿದೆ. ದಾರಿಯಲ್ಲಿ ಕೆಟ್ಟು ನಿಂತಾಗ ಹಾಗೆ ಮಾಡಬಹುದು, ಪ್ರೆಸ್ಸು ಎದುರಿಗೇ ಇರುವಾಗ ಏಕೆ ಎಂಬುದು ಅವರ ಉತ್ತರ. ನರ್ಲಿಂಗನ್ನು ರಂಧ್ರದೊಳಗೆ ಎಳೆಯಲು ಬೇಕಾಗುವ ಬಲವೆಲ್ಲ ಥ್ರೆಡ್ಡಿನ ಮೇಲೆ ಬಿದ್ದರೆ, ಹೊಸ ಸ್ಟಡ್ ಮೊದಲ ದಿನವೇ ಹಿಗ್ಗಿ, ನಟ್ಟಿನ ಥ್ರೆಡ್ ಕೆಟ್ಟು, ಆಮೇಲೆ ಟಾರ್ಕ್ ರೆಂಚ್ (ತಿರುಗಿಸಿ ಬಿಗಿಯುವ ಬಲವನ್ನು, ಅಂದರೆ ಟಾರ್ಕನ್ನು, ಅಳೆಯುವ ಸ್ಪ್ಯಾನರ್) ತೋರಿಸುವ ಅಂಕಿಗೆ ಅರ್ಥವೇ ಇರುವುದಿಲ್ಲ. ಹತ್ತನ್ನೂ ಪ್ರೆಸ್ಸಿನಲ್ಲೇ ಕೂರಿಸಿದರು. ಪ್ರತಿ ತಲೆಯ ಕೆಳಗೂ ಸಂದು ಅಳೆಯುವ ತೆಳು ಪಟ್ಟಿಯಾದ 0.05 ಮಿ.ಮೀ. ಫೀಲರ್ ಗೇಜ್ ತೂರಿಸಲು ನೋಡಿದೆ, ಎಲ್ಲಿಯೂ ಹೋಗಲಿಲ್ಲ.

ಹೊಸ ಸ್ಟಡ್‌ಗಳನ್ನು ಮತ್ತೆ ಸ್ವೇಜ್ ಮಾಡಿಸಲಿಲ್ಲ. ಡ್ರಮ್ ಹಬ್ಬಿನ ಮಧ್ಯದ ಸುತ್ತಿನ ಮೇಲೆ ಕೂತು ಕೇಂದ್ರ ಹಿಡಿಯುತ್ತದೆ, ಚಕ್ರ ಬಿಗಿದಾಗ ಅದರ ಒತ್ತಡಕ್ಕೇ ಅಲ್ಲಿ ನಿಲ್ಲುತ್ತದೆ. ಮುಂದಿನ ಸಲ ಬ್ರೇಕ್ ಶೂ ನೋಡಬೇಕಾದಾಗ ಬೇರಿಂಗ್ ಬಿಚ್ಚದೆ ಡ್ರಮ್ಮನ್ನಷ್ಟೇ ಎಳೆದುಕೊಳ್ಳಬಹುದು, ಅದೊಂದು ಲಾಭ. ಗೆರೆಗೆ ಗೆರೆ ಸೇರಿಸಿ, ನಟ್ಟುಗಳನ್ನು ಚಪ್ಪಟೆ ಬದಿ ಒಳಗಾಗುವಂತೆ ತಿರುವಿ ಹಾಕಿ ಬಿಗಿದು, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಎಡಬದಿಯ ಡ್ರಮ್ಮಿನ ಒಳಮೈ ಒಟ್ಟು 0.08 ಮಿ.ಮೀ. ಓಲಾಡಿತು. ನನ್ನ ಮೂರು ಏಟುಗಳಿಂದ ಹಾನಿಯಾಗಿಲ್ಲ ಎಂದು ನಂಬಿದ್ದು ಆಗಲೇ.

ಕಾರ್ಯಾಗಾರದ ಮೇಲೂ ನನಗೊಂದು ದೂರಿದೆ, ಹೇಳದಿದ್ದರೆ ಈ ವಿಮರ್ಶೆ ಪೂರ್ತಿಯಾಗದು. ಕೊರೆಯುವ ಮುನ್ನ ಹಬ್ಬಿನ ಒಳಗಿನ ಗ್ರೀಸನ್ನು ಅವರು ತೆಗೆದಿರಲಿಲ್ಲ, ಬಾಯಿಗೆ ಬಟ್ಟೆ ತುರುಕಿದ್ದರು ಅಷ್ಟೇ. ಮನೆಗೆ ತಂದು ಬೆರಳಾಡಿಸಿದಾಗ ಗ್ರೀಸಿನಲ್ಲಿ ಬೆಳ್ಳಿಯ ಎಳೆಯಂತೆ ಹೊಳೆಯುವ ಒಂದು ಲೋಹದ ಸುರುಳಿ ಸಿಕ್ಕಿತು, ಹುಡುಕಿದರೆ ಇನ್ನೂ ಎರಡು. ಬೇರಿಂಗಿನ ಒಳಗೆ ಇಂಥದ್ದೊಂದು ಸೇರಿದ್ದರೆ ಸ್ಟಡ್ಡಿಗಾಗಿ ಪಟ್ಟ ಪಾಡೆಲ್ಲ ಬೇರಿಂಗಿಗಾಗಿ ಮತ್ತೆ ಪಡಬೇಕಾಗುತ್ತಿತ್ತು. ಎರಡೂ ಹಬ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸ್ ತುಂಬಿ, ಹೊಸ ಸೀಲ್ ಹಾಕಿದೆ. ಅಷ್ಟು ಜಾಣ್ಮೆಯ ಕೈ ಇಂಥ ಸಣ್ಣ ವಿಷಯದಲ್ಲಿ ಉದಾಸೀನ ಮಾಡಿದ್ದು ನನಗೆ ಆಶ್ಚರ್ಯವೇ.

ಚಕ್ರ ಹಾಕುವಾಗ ಥ್ರೆಡ್ಡಿಗೆ ಎಣ್ಣೆ ಹಚ್ಚಲಿಲ್ಲ; ಎಣ್ಣೆ ಇದ್ದರೆ ಅದೇ ಟಾರ್ಕಿಗೆ ಸ್ಟಡ್ ಎಷ್ಟೋ ಹೆಚ್ಚು ಹಿಗ್ಗುತ್ತದೆ. ಒಂದು ಬಿಟ್ಟು ಒಂದು ನಟ್ಟಿನಂತೆ, ನಕ್ಷತ್ರ ಬಿಡಿಸುವ ಕ್ರಮದಲ್ಲಿ, ಮೂರು ಹಂತಗಳಲ್ಲಿ ತಯಾರಕರ ಕೈಪಿಡಿಯ ಅಂಕಿಗೆ ಬಿಗಿದೆ. ಎಡಬದಿಗೆ ಇದೊಂದು ತಲೆನೋವು: ಎಷ್ಟೋ ಟಾರ್ಕ್ ರೆಂಚುಗಳು ಬಲಕ್ಕೆ ತಿರುಗಿಸುವಾಗ ಮಾತ್ರ ಅಳೆಯುತ್ತವೆ, ನನ್ನದೂ ಹಾಗೆಯೇ. ಎರಡೂ ದಿಕ್ಕಿಗೆ ಅಳೆಯುವ ರೆಂಚನ್ನು ಗೆಳೆಯರೊಬ್ಬರಿಂದ ಎರವಲು ತಂದೆ. ಲೆಫ್ಟ್ ಥ್ರೆಡ್ಡನ್ನು ಬಿಟ್ಟು ಎರಡೂ ಬದಿಗೆ ಮಾಮೂಲಿ ಸ್ಟಡ್ ಹಾಕಿಬಿಡಿ ಎಂದು ಅವರೂ ಹೇಳಿದರು, ಅದು ತಪ್ಪು ಸಲಹೆಯೂ ಅಲ್ಲ. ಆದರೆ ಹಿಂದಿನ ಎಡಚಕ್ರದಲ್ಲಿ ಇನ್ನೂ ಹಳೆಯ ಲೆಫ್ಟ್ ಥ್ರೆಡ್ ಇರುವಾಗ ಮುಂದಿನದನ್ನಷ್ಟೇ ಬದಲಿಸಿದರೆ, ಒಂದೇ ಬದಿಯಲ್ಲಿ ಎರಡು ರೀತಿ ಇಟ್ಟುಕೊಂಡು ಇನ್ನೊಬ್ಬ ಹುಡುಗನನ್ನು ಗೊಂದಲಕ್ಕೆ ತಳ್ಳಿದಂತಾಗುತ್ತದೆ.

80 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೆ ಪರೀಕ್ಷಿಸಿದೆ. ಬಲಬದಿಯ ಒಂದು ನಟ್ಟು ಕೂದಲೆಳೆಯಷ್ಟು ತಿರುಗಿತು, ಉಳಿದ ಒಂಬತ್ತು ಇದ್ದಲ್ಲೇ ಇದ್ದವು. 500 ಕಿ.ಮೀ.ಗೆ ನೋಡಿದಾಗ ಯಾವುದೂ ಅಲುಗಲಿಲ್ಲ. ಈಗ 1500 ದಾಟಿದೆ. ಎರಡು ಸಲ ಚಕ್ರ ಬಿಚ್ಚಿ ಹಾಕಿದ್ದೇನೆ, ನಟ್ಟು ಬೆರಳಿನಿಂದಲೇ ಕೊನೆಯವರೆಗೆ ಸಲೀಸಾಗಿ ಇಳಿಯುತ್ತದೆ, ಲೇಪ ಎಲ್ಲೂ ಕಿತ್ತಿಲ್ಲ. ಹಿಂದಿನ ಆಕ್ಸಲ್ಲಿಗೆ ಇದೇ ತಯಾರಕರ ಇನ್ನೊಂದು ಸೆಟ್ ತರಿಸಲು ಬರೆದಿದ್ದೇನೆ. ಚೀಟಿಯನ್ನು ತಿದ್ದಿ, ಸ್ವೇಜ್ ಇರುವ ಹಬ್ಬಿಗೆ ಸುತ್ತಿಗೆ ಹಾಕಬಾರದೆಂದು ಒಂದು ಸಾಲು ಸೇರಿಸಿ, ‘ಎಲ್’ ಅಚ್ಚು ಹಾಕಿ ಎಂದೂ ಅದೇ ಪತ್ರದಲ್ಲಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಎಡಬದಿಯ ಐದೂ ಸ್ಟಡ್‌ಗಳ ತುದಿಗೆ ಹಳದಿ ಬಣ್ಣದ ಚುಕ್ಕೆ ಇಟ್ಟಿದ್ದೇನೆ, ಜಾಕಿನ ಹಿಡಿಗೆ ‘ಎಡಬದಿ ನಟ್ಟು ಬಲಕ್ಕೆ ತಿರುಗಿಸಿ ಬಿಚ್ಚಿ’ ಎಂದು ಬರೆದ ಪಟ್ಟಿ ಅಂಟಿಸಿದ್ದೇನೆ.